ಡಾಕ್ಟರೋ, ಫಿಜಿಷಿಯನ್ ಅಸಿಸ್ಟೆಂಟೋ: ಹಾಸನ, ಚಿಕ್ಕಮಗಳೂರಿನ ವಿದ್ಯಾರ್ಥಿಗಳಿಗೆ ಒಂದು ಹೋಲಿಕೆ

ನೀಟ್ ಫಲಿತಾಂಶ ಬಂದ ಮೇಲೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ಒಂದೇ ಬಗೆಯ ಲೆಕ್ಕಾಚಾರ ನಡೆಯುತ್ತದೆ. ಮಗಳಿಗೆ ಅಂಕ ತಕ್ಕಮಟ್ಟಿಗೆ ಬಂದಿದೆ, ಆದರೆ ಸರ್ಕಾರಿ ಸೀಟಿಗೆ ಸಾಲುವಂತಿಲ್ಲ. ಖಾಸಗಿ ಸೀಟು ಹಿಡಿಯಬೇಕೆಂದರೆ ತೋಟದ ಮೇಲೆ ಸಾಲ ತೆಗೆಯಬೇಕು. ಇನ್ನೊಂದು ವರ್ಷ ಮೂಡುಬಿದಿರೆಗೋ ಮಂಗಳೂರಿಗೋ ಲಾಂಗ್ ಟರ್ಮ್ ಕೋಚಿಂಗಿಗೆ ಕಳುಹಿಸಿದರೂ ಮುಂದಿನ ಸಲದ ಕಟ್‌ಆಫ್ ಎಲ್ಲಿಗೆ ನಿಲ್ಲುತ್ತದೆಂದು ಹೇಳಬಲ್ಲವರಿಲ್ಲ. ಆ ಹೊತ್ತಿಗೆ ಯಾರೋ ಒಬ್ಬರು ಫಿಜಿಷಿಯನ್ ಅಸಿಸ್ಟೆಂಟ್ ಕೋರ್ಸಿನ ಹೆಸರೆತ್ತುತ್ತಾರೆ. ನಾಲ್ಕು ವರ್ಷದಲ್ಲಿ ಮುಗಿಯುತ್ತದೆ, ರ‍್ಯಾಂಕಿಗಾಗಿ ಇಷ್ಟು ಹೋರಾಡಬೇಕಿಲ್ಲ, ಬಿಳಿ ಕೋಟು ಹಾಕಿಕೊಂಡು ಡಾಕ್ಟರ ಪಕ್ಕದಲ್ಲೇ ಕೆಲಸ ಎನ್ನುತ್ತಾರೆ.

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಹೀಗೆ ಹೇಳಿದಾಗ ಎರಡೂ ಒಂದೇ ಊರಿಗೆ ಹೋಗುವ ಹೆದ್ದಾರಿ ಮತ್ತು ಒಳದಾರಿ ಎಂಬ ಭಾವನೆ ಕೇಳುವವರಲ್ಲಿ ಮೂಡುತ್ತದೆ, ಮತ್ತು ನಂತರದ ನಿರಾಸೆಗಳೆಲ್ಲ ಬಹುಮಟ್ಟಿಗೆ ಅಲ್ಲಿಂದಲೇ ಹುಟ್ಟುತ್ತವೆ. ಎರಡು ವೃತ್ತಿಗಳ ನಡುವಿನ ನಿಜವಾದ ಅಂತರ ವರ್ಷಗಳ ಲೆಕ್ಕದಲ್ಲಿಲ್ಲ. ರೋಗಿಯ ಬಗ್ಗೆ ಕೊನೆಯ ನಿರ್ಧಾರ ಯಾರದು, ಆ ನಿರ್ಧಾರಕ್ಕೆ ಕಾನೂನಿನ ಮುಂದೆ ಉತ್ತರ ಹೇಳುವವರು ಯಾರು, ಮತ್ತು ಓದು ಮುಗಿದ ಮೇಲೆ ಕೆಲಸ ಸಿಗುವುದು ಯಾವ ಊರಿನಲ್ಲಿ ಎಂಬ ಮೂರು ಪ್ರಶ್ನೆಗಳಲ್ಲಿ ಅದು ಅಡಗಿದೆ. ಮೂರನೆಯದು ನಮ್ಮ ಎರಡು ಜಿಲ್ಲೆಗಳವರಿಗೆ ವಿಶೇಷವಾಗಿ ಮುಖ್ಯವೆಂದು ನನಗೆ ತೋರುತ್ತದೆ.

ಫಿಜಿಷಿಯನ್ ಅಸಿಸ್ಟೆಂಟ್ ಎಂದರೆ ಯಾರು

1965ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ಅವರು, ನೌಕಾಪಡೆಯಲ್ಲಿ ಗಾಯಾಳುಗಳ ಆರೈಕೆ ಮಾಡಿ ಅನುಭವ ಪಡೆದಿದ್ದ ನಾಲ್ವರನ್ನು ಸೇರಿಸಿಕೊಂಡು ಈ ಶಿಕ್ಷಣವನ್ನು ಆರಂಭಿಸಿದರು. ಮೊದಲ ತಂಡ 1967ರಲ್ಲಿ ಹೊರಬಂತು. ವೈದ್ಯರ ಕೊರತೆಯಿದ್ದ ಕಾಲವದು. ರೋಗಿಯ ಇತಿಹಾಸ ಕೇಳುವುದು, ದೇಹ ಪರೀಕ್ಷೆ ಮಾಡುವುದು, ಗಾಯ ಹೊಲಿಯುವುದು ಮುಂತಾದ ಕೆಲಸಗಳನ್ನು ತರಬೇತಾದ ಇನ್ನೊಬ್ಬರು ವೈದ್ಯರ ಹೊಣೆಯಲ್ಲಿಯೇ ಮಾಡಬಲ್ಲರೆಂಬುದು ಅವರ ಎಣಿಕೆಯಾಗಿತ್ತು.

ಭಾರತಕ್ಕೆ ಇದು ಬಂದದ್ದು ಹೃದಯ ಶಸ್ತ್ರಚಿಕಿತ್ಸೆಯ ಬಾಗಿಲಿನಿಂದ. 1975ರಲ್ಲಿ ದೇಶದ ಮೊದಲ ಕರೋನರಿ ಬೈಪಾಸ್ ಮಾಡಿದ ಡಾ. ಕೆ.ಎಂ. ಚೆರಿಯನ್ ಅವರು 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್ನಿನಲ್ಲಿ ಮೊದಲ ತರಗತಿಯನ್ನು ಆರಂಭಿಸಿದರು. ಈ ಹುಟ್ಟಿನ ಗುರುತು ಇಂದಿಗೂ ಉಳಿದಿದೆ. ನಮ್ಮ ದೇಶದಲ್ಲಿ ಫಿಜಿಷಿಯನ್ ಅಸಿಸ್ಟೆಂಟರು ಹೆಚ್ಚಾಗಿ ಕಾಣಸಿಗುವುದು ದೊಡ್ಡ ನಗರದ ದೊಡ್ಡ ಆಸ್ಪತ್ರೆಗಳಲ್ಲಿ, ಅದರಲ್ಲೂ ಹೃದ್ರೋಗ, ನರರೋಗ, ಮೂತ್ರಪಿಂಡ, ಮೂಳೆ, ಕ್ಯಾನ್ಸರ್ ಮುಂತಾದ ವಿಭಾಗಗಳಲ್ಲಿ ಮತ್ತು ತೀವ್ರ ನಿಗಾ ಘಟಕಗಳಲ್ಲಿ. ಬೆಳಿಗ್ಗೆ ಹಿರಿಯ ವೈದ್ಯರು ರೌಂಡ್ಸಿಗೆ ಬರುವ ಮೊದಲೇ ವಾರ್ಡಿನ ಪ್ರತಿ ರೋಗಿಯ ರಾತ್ರಿಯ ಸ್ಥಿತಿ, ರಕ್ತಪರೀಕ್ಷೆಯ ವರದಿ, ಮೂತ್ರದ ಪ್ರಮಾಣ ಎಲ್ಲವನ್ನೂ ನೋಡಿ ಸಿದ್ಧವಾಗಿಟ್ಟುಕೊಂಡಿರುವುದು, ರೌಂಡ್ಸಿನಲ್ಲಿ ಹೇಳಿದ್ದನ್ನು ಕೇಸ್ ಶೀಟಿಗೆ ಬರೆಯುವುದು, ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯನ್ನು ಸಿದ್ಧಪಡಿಸುವುದು, ಬೈಪಾಸಿನಲ್ಲಿ ಕಾಲಿನ ಸಿರೆಯನ್ನು ಬಿಡಿಸಿ ತೆಗೆದು ಕೊಡುವುದು, ಡಿಸ್ಚಾರ್ಜ್ ಸಮ್ಮರಿ ತಯಾರಿಸುವುದು, ಮನೆಯವರಿಗೆ ಮಾತ್ರೆಯ ಹೊತ್ತು ಮತ್ತು ಪಥ್ಯವನ್ನು ತಿಳಿಸುವುದು ಇವರ ದಿನದ ಕೆಲಸ. 2025ರ ಜೂನ್, ಜುಲೈಯಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾಗಿ, ನಮ್ಮವರು ಗುಂಪುಗುಂಪಾಗಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಸಾಲು ನಿಂತದ್ದು ಎಲ್ಲರಿಗೂ ನೆನಪಿರಬಹುದು. ಹೃದಯದ ಆರೈಕೆಗೆ ಇಂಥ ಒತ್ತಡ ಬಂದಾಗ ವೈದ್ಯರೊಬ್ಬರೇ ಸಾಲುವುದಿಲ್ಲ. ಸಿದ್ಧಗೊಂಡ ತಂಡವೇ ಬೇಕಾಗುತ್ತದೆ. ಅಂಥ ತಂಡದಲ್ಲಿ ಕೆಲಸ ಮಾಡುವುದು ಸಣ್ಣ ಮಾತಲ್ಲ.

ಕೊನೆಯ ನಿರ್ಧಾರ ಯಾರದು

ನಮ್ಮ ದೇಶದಲ್ಲಿ ಆಧುನಿಕ ವೈದ್ಯ ಪದ್ಧತಿಯಲ್ಲಿ ಸ್ವತಂತ್ರವಾಗಿ ಚಿಕಿತ್ಸೆ ನೀಡುವ ಹಕ್ಕು ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರಿಗೆ ಮಾತ್ರ ಇದೆ, ಮತ್ತು ಆ ನೋಂದಣಿಗೆ ಎಂಬಿಬಿಎಸ್ ಬೇಕು. ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕರ್ನಾಟಕದಲ್ಲಿ ಕ್ಲಿನಿಕ್ ತೆರೆಯಲು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪ್ರತ್ಯೇಕ ನೋಂದಣಿಯೂ ಬೇಕು. ಆದ್ದರಿಂದ ಫಿಜಿಷಿಯನ್ ಅಸಿಸ್ಟೆಂಟ್ ಪದವಿ ಮುಗಿಸಿ ಆಲೂರಿನಲ್ಲೋ ಮೂಡಿಗೆರೆಯಲ್ಲೋ ಒಂದು ಕೋಣೆ ಹಿಡಿದು ಬೋರ್ಡು ಹಾಕಿಕೊಳ್ಳುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನು ಈಗಲೇ ಬಿಡಬೇಕು. ಜನ ಪ್ರೀತಿಯಿಂದ ಡಾಕ್ಟ್ರೇ ಎಂದು ಕರೆದಾರು; ಕಾನೂನು ನಕಲಿ ವೈದ್ಯ ಎಂದು ಕರೆಯುತ್ತದೆ.

ಆದರೂ ಈ ವೃತ್ತಿಗೆ ಈಗ ಕಾನೂನಿನ ಆಸರೆ ಇಲ್ಲವೆಂದಲ್ಲ. 2021ರಲ್ಲಿ ಬಂದ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯ ಪಟ್ಟಿಯಲ್ಲಿ ಫಿಜಿಷಿಯನ್ ಅಸೋಸಿಯೇಟ್ ಎಂಬ ಹೆಸರಿನಲ್ಲಿ ಇದು ಸೇರಿದೆ. ಪಠ್ಯಕ್ರಮ, ಶಿಕ್ಷಣದ ಗುಣಮಟ್ಟ ಮತ್ತು ವೃತ್ತಿಪರರ ನೋಂದಣಿಯನ್ನು ಆಯೋಗ ಹಾಗೂ ರಾಜ್ಯ ಪರಿಷತ್ತುಗಳು ನೋಡಿಕೊಳ್ಳುವ ವ್ಯವಸ್ಥೆ ಅದರಲ್ಲಿದೆ. ಇದಕ್ಕೆ ಮೊದಲು ಈ ಪದವಿಗೆ ದೇಶದ ಮಟ್ಟದಲ್ಲಿ ಒಂದು ಶಾಸನಬದ್ಧ ನೆಲೆಯೇ ಇರಲಿಲ್ಲ ಎಂಬುದನ್ನು ಗಮನಿಸಿದರೆ ಇದು ದೊಡ್ಡ ಹೆಜ್ಜೆಯೇ ಸರಿ. ಆದರೆ ಮಾನ್ಯತೆ ಸಿಕ್ಕಿತೆಂದರೆ ಸ್ವತಂತ್ರವಾಗಿ ಔಷಧ ಬರೆಯುವ ಹಕ್ಕು ಸಿಕ್ಕಿತೆಂದು ಅರ್ಥವಲ್ಲ. ಕೆಲವು ಏಜೆಂಟರು ಈ ಎರಡನ್ನೂ ಬೇಕೆಂದೇ ಬೆರೆಸಿ ಹೇಳುತ್ತಾರೆ. ವೈದ್ಯಕೀಯ ಆಯೋಗದ ಕಾಯ್ದೆಯ 32ನೇ ಸೆಕ್ಷನ್ನಿನಲ್ಲಿ ಸಮುದಾಯ ಆರೋಗ್ಯ ಸೇವಕರಿಗೆ ಸೀಮಿತ ಪರವಾನಗಿ ಕೊಡುವ ಮಾತಿದೆ ಎಂದೂ ಅವರು ತೋರಿಸುತ್ತಾರೆ. ಅಲ್ಲಿ ಇರುವುದು ಪ್ರಾಥಮಿಕ ಮತ್ತು ರೋಗತಡೆಯ ಆರೈಕೆಯಲ್ಲಿ ನಿಗದಿಪಡಿಸಿದ ಔಷಧಗಳಿಗಷ್ಟೇ ಸಂಬಂಧಪಟ್ಟ ಅವಕಾಶ, ಮತ್ತು ಫಿಜಿಷಿಯನ್ ಅಸಿಸ್ಟೆಂಟ್ ಪದವಿ ಇದ್ದ ಮಾತ್ರಕ್ಕೆ ಅದು ತಾನಾಗಿ ದಕ್ಕುವುದಿಲ್ಲ. 2019ರಲ್ಲಿ ದೇಶದ ವೈದ್ಯರು ಮುಷ್ಕರ ಹೂಡಿದ್ದಕ್ಕೆ ಈ ಸೆಕ್ಷನ್ನೂ ಒಂದು ಕಾರಣವಾಗಿತ್ತು.

ಹಳೆಯ ತಲೆಮಾರಿನವರು ಇಲ್ಲೊಂದು ಪ್ರಶ್ನೆ ಕೇಳಬಹುದು: ಹಿಂದೆ ಎಲ್‌ಎಂಪಿ ಡಾಕ್ಟರುಗಳು ಇರಲಿಲ್ಲವೇ, ಅವರೂ ಪದವಿಯಿಲ್ಲದೆ, ಲೈಸೆನ್ಷಿಯೇಟ್ ಎಂಬ ಚಿಕ್ಕ ಕೋರ್ಸು ಓದಿ ಮಲೆನಾಡಿನ ಮಲೇರಿಯಾದ ಕಾಲದಲ್ಲಿ ಊರೂರು ಕಾಯಲಿಲ್ಲವೇ? ನಿಜ. ಸ್ವಾತಂತ್ರ್ಯಕ್ಕೆ ಮೊದಲು ದೇಶದ ವೈದ್ಯರಲ್ಲಿ ಹೆಚ್ಚಿನವರು ಪದವೀಧರರಲ್ಲ, ಅಂಥ ಲೈಸೆನ್ಷಿಯೇಟರೇ. ಆದರೆ ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿಯು ದೇಶಕ್ಕೆ ಒಂದೇ ದರ್ಜೆಯ ಮೂಲ ವೈದ್ಯರಿರಬೇಕೆಂದು ಶಿಫಾರಸು ಮಾಡಿತು, ಆ ಮೇಲೆ ಎಲ್‌ಎಂಪಿ ಶಿಕ್ಷಣ ನಿಂತುಹೋಯಿತು. ಎಲ್‌ಎಂಪಿಗಳು ಚಿಕ್ಕ ಓದಿನ ವೈದ್ಯರಾಗಿದ್ದರು, ಸ್ವತಂತ್ರವಾಗಿ ಚಿಕಿತ್ಸೆ ನೀಡುತ್ತಿದ್ದರು. ಫಿಜಿಷಿಯನ್ ಅಸಿಸ್ಟೆಂಟರು ಆ ಸಾಲಿಗೆ ಸೇರಿದವರಲ್ಲ.

ನಮ್ಮ ಊರಿಗೆ ಮರಳುವ ಮಾತು

ಕಾಫಿ ಕೊಯ್ಲಿನ ಕಾಲದಲ್ಲಿ ತೋಟದ ಕೆಲಸದವರೊಬ್ಬರಿಗೆ ಹಾವು ಕಚ್ಚಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಜೀಪಿನಲ್ಲಿ ಕರೆತಂದಿದ್ದಾರೆ ಎಂದುಕೊಳ್ಳೋಣ. ರಕ್ತವನ್ನು ಗಾಜಿನ ನಳಿಗೆಯಲ್ಲಿ ಇಟ್ಟು ಇಪ್ಪತ್ತು ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆಯೇ ಎಂದು ನೋಡಬೇಕು. ಕಣ್ಣರೆಪ್ಪೆ ಇಳಿಬಿದ್ದಿದೆಯೇ, ಉಸಿರಾಟ ಕುಗ್ಗುತ್ತಿದೆಯೇ ಎಂದು ಗಮನಿಸಬೇಕು. ವಿಷನಿರೋಧಕ ಚುಚ್ಚುಮದ್ದನ್ನು ಈಗಲೇ ಆರಂಭಿಸಬೇಕೇ, ಅದಕ್ಕೆ ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ಕೈಗೆ ಸಿಗುವಂತಿದೆಯೇ, ಅಥವಾ ಆಂಬುಲೆನ್ಸಿನಲ್ಲಿ ಜಿಲ್ಲಾಸ್ಪತ್ರೆಗೆ ಸಾಗಿಸಬೇಕೇ ಎಂದು ತೀರ್ಮಾನಿಸಬೇಕು. ಘಟ್ಟದ ತಿರುವುಗಳಲ್ಲಿ ಹೋಗುವ ಆ ಒಂದೆರಡು ತಾಸುಗಳಲ್ಲೇ ಜೀವ ಹೋಗಬಹುದೆಂಬ ಅರಿವಿನಲ್ಲಿ ಇದನ್ನೆಲ್ಲ ಮಾಡಬೇಕು. 2024ರಿಂದ ಕರ್ನಾಟಕದಲ್ಲಿ ಹಾವುಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವಾಗಿರುವುದರಿಂದ ಅದರ ದಾಖಲೆಯೂ ಸರಿಯಾಗಿರಬೇಕು. ಇಂಥ ಕಡೆ ಪಕ್ಕದಲ್ಲಿ ಹಿರಿಯ ವೈದ್ಯರಿರುವುದಿಲ್ಲ. ಅಲ್ಲಿರುವ ಎಂಬಿಬಿಎಸ್ ವೈದ್ಯಾಧಿಕಾರಿಯೇ ಹಿರಿಯರು, ವಯಸ್ಸು ಇಪ್ಪತ್ತೈದೇ ಆಗಿದ್ದರೂ.

ಕಾಡಾನೆ ತುಳಿತದಿಂದ ಸಕಲೇಶಪುರ, ಆಲೂರು ಭಾಗದಲ್ಲಿ ಸಾವು ಸಂಭವಿಸಿದಾಗ ಮರಣೋತ್ತರ ಪರೀಕ್ಷೆ ಮಾಡುವವರು, ಹೊಡೆದಾಟದ ಗಾಯಾಳುವಿಗೆ ಗಾಯದ ಪ್ರಮಾಣಪತ್ರ ಕೊಡುವವರು, ಎರಡು ವರ್ಷದ ಮೇಲೆ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವರು, ಕೊಪ್ಪ, ನರಸಿಂಹರಾಜಪುರ ಕಡೆಯ ಜ್ವರದಲ್ಲಿ ಮಂಗನ ಕಾಯಿಲೆಯನ್ನು ಶಂಕಿಸಿ ರಕ್ತದ ಮಾದರಿ ಕಳುಹಿಸಲು ಹೇಳುವವರು ಎಲ್ಲರೂ ವೈದ್ಯರೇ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿ, ಶುಶ್ರೂಷಾಧಿಕಾರಿ, ಫಾರ್ಮಸಿ ಅಧಿಕಾರಿ, ಪ್ರಯೋಗಶಾಲೆಯ ತಂತ್ರಜ್ಞರು, ಆರೋಗ್ಯ ಸುರಕ್ಷಾಧಿಕಾರಿ ಮುಂತಾದ ಹುದ್ದೆಗಳಿವೆ. ಫಿಜಿಷಿಯನ್ ಅಸಿಸ್ಟೆಂಟ್ ಎಂಬ ಹುದ್ದೆ ಅಲ್ಲಿಲ್ಲ. ಉಪಕೇಂದ್ರಗಳನ್ನು ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿ ಮಾರ್ಪಡಿಸಿದಾಗ ಅಲ್ಲಿಗೆ ಬಂದ ಸಮುದಾಯ ಆರೋಗ್ಯ ಅಧಿಕಾರಿಗಳೂ ಬಹುತೇಕ ಬಿ.ಎಸ್ಸಿ. ನರ್ಸಿಂಗ್ ಓದಿದವರು.

ಆದ್ದರಿಂದ ನಾಲ್ಕು ವರ್ಷದ ಓದು, ಆ ಮೇಲೆ ಸರ್ಕಾರಿ ನೌಕರಿ, ಸಾಧ್ಯವಾದರೆ ಸ್ವಂತ ತಾಲ್ಲೂಕಿನಲ್ಲೇ ಎಂಬ ಆಸೆಯಿರುವ ಕುಟುಂಬಕ್ಕೆ ನನ್ನ ಉತ್ತರ ಈ ಎರಡರಲ್ಲಿ ಯಾವುದೂ ಅಲ್ಲ: ಬಿ.ಎಸ್ಸಿ. ನರ್ಸಿಂಗ್. ಹೋಲಿಕೆಗೆ ತೆಗೆದುಕೊಂಡದ್ದು ಎರಡಾದರೂ ಮೂರನೆಯದನ್ನು ಹೇಳದೆ ಬಿಟ್ಟರೆ ಈ ಬರಹ ಅಪ್ರಾಮಾಣಿಕವಾಗುತ್ತದೆ.

ಫಿಜಿಷಿಯನ್ ಅಸಿಸ್ಟೆಂಟ್ ಆಗುವವರು ಬೆಂಗಳೂರು, ಮಂಗಳೂರು, ಮೈಸೂರು, ಚೆನ್ನೈ, ಕೊಚ್ಚಿಯಂಥ ಊರುಗಳಲ್ಲಿ ಬದುಕು ಕಟ್ಟಿಕೊಳ್ಳಲು ಮನಸ್ಸು ಮಾಡಿಕೊಂಡಿರಬೇಕು. ಹಾಸನದ ಖಾಸಗಿ ನರ್ಸಿಂಗ್ ಹೋಮುಗಳು ಇವರನ್ನು ಕೆಲಸಕ್ಕೆ ತೆಗೆದುಕೊಳ್ಳಬಾರದೆಂದೇನೂ ಇಲ್ಲ. ಆದರೆ ಕಡಿಮೆ ಹಾಸಿಗೆಗಳ ಆಸ್ಪತ್ರೆಯಲ್ಲಿ ಕಲಿತ ವಿದ್ಯೆಯ ಬಹುಪಾಲು ಬಳಕೆಗೆ ಬಾರದೆ, ಕ್ರಮೇಣ ಫೈಲು ಬರೆಯುವ ಕೆಲಸವಷ್ಟೇ ಉಳಿಯುವ ಅಪಾಯವಿದೆ.

ವರ್ಷ, ಹಣ, ಸೀಟು

ಎಂಬಿಬಿಎಸ್ ನಾಲ್ಕೂವರೆ ವರ್ಷದ ಓದು ಮತ್ತು ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಹದಿನೆಂಟಕ್ಕೆ ಸೇರಿದವರು ಇಪ್ಪತ್ತನಾಲ್ಕರ ಹೊತ್ತಿಗೆ ನೋಂದಾಯಿತ ವೈದ್ಯರಾಗುತ್ತಾರೆ. ಆದರೆ ಈಗಿನ ಕಾಲದಲ್ಲಿ ಅಲ್ಲಿಗೇ ನಿಲ್ಲಲು ಬಯಸುವವರು ಕಡಿಮೆ. ನೀಟ್ ಪಿಜಿ ಬರೆದು ಎಂ.ಡಿ. ಅಥವಾ ಎಂ.ಎಸ್. ಮಾಡಲು ಮತ್ತೆ ಮೂರು ವರ್ಷ, ಹೃದ್ರೋಗ ತಜ್ಞರಾಗಬೇಕಾದರೆ ಅದರ ಮೇಲೆ ಇನ್ನೂ ಮೂರು ವರ್ಷ ಬೇಕು. ನಡುವೆ ಪರೀಕ್ಷೆಗೆ ಓದುತ್ತ ಒಂದೆರಡು ವರ್ಷ ಕಳೆಯುವುದು ಸಾಮಾನ್ಯ. ಹೀಗೆ ತಜ್ಞರಾಗಿ ಸ್ಥಿರವಾದ ಸಂಪಾದನೆ ಆರಂಭವಾಗುವಾಗ ವಯಸ್ಸು ಮೂವತ್ತರ ಆಚೀಚೆ ಇರುತ್ತದೆ. ಫಿಜಿಷಿಯನ್ ಅಸಿಸ್ಟೆಂಟ್ ಪದವಿ ಸಾಮಾನ್ಯವಾಗಿ ಮೂರು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಇಪ್ಪತ್ತೆರಡಕ್ಕೆ ಸಂಬಳ ಕೈಗೆ ಬರುತ್ತದೆ. ಮನೆಯಲ್ಲಿ ತಂದೆಗೆ ಆರೋಗ್ಯ ಸರಿಯಿಲ್ಲ, ತಮ್ಮ ತಂಗಿಯರು ಓದುತ್ತಿದ್ದಾರೆ ಎಂಬ ಸ್ಥಿತಿಯಲ್ಲಿ ಈ ಎಂಟು ವರ್ಷಗಳ ವ್ಯತ್ಯಾಸವನ್ನು ಹಗುರವಾಗಿ ಕಾಣಲಾಗದು.

ಸೀಟಿನ ವಿಷಯದಲ್ಲಿ ವಾಸ್ತವ ಕಠಿಣವಾಗಿದೆ. 2025ರ ನೀಟ್ ಯುಜಿಯನ್ನು ದೇಶದಾದ್ಯಂತ 22 ಲಕ್ಷಕ್ಕೂ ಹೆಚ್ಚು ಮಂದಿ ಬರೆದರು. 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರಾದರು. ಎಂಬಿಬಿಎಸ್ ಸೀಟುಗಳು ಇದ್ದದ್ದು ಸರ್ಕಾರಿ, ಖಾಸಗಿ ಎಲ್ಲ ಸೇರಿ ಸುಮಾರು 1.2 ಲಕ್ಷ. ಅರ್ಹತೆ ಪಡೆದೆ ಎಂಬುದಕ್ಕೂ ಸೀಟು ಸಿಕ್ಕಿತು ಎಂಬುದಕ್ಕೂ ಎಷ್ಟು ದೂರವಿದೆ ಎಂದು ಇದರಿಂದ ತಿಳಿಯುತ್ತದೆ. ಆದರೂ ನಮ್ಮ ಭಾಗದವರು ಎರಡು ಸಂಗತಿಗಳನ್ನು ಮರೆಯಬಾರದು. ಒಂದು, 2006ರಲ್ಲಿ ಆರಂಭವಾದ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಜೊತೆಗೆ ಈಚೆಗೆ ಚಿಕ್ಕಮಗಳೂರಿನಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ರಾಜ್ಯದ ಸರ್ಕಾರಿ ಕಾಲೇಜುಗಳ ನೂರಕ್ಕೆ 85ರಷ್ಟು ಸೀಟುಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೌನ್ಸೆಲಿಂಗ್ ಮೂಲಕ ರಾಜ್ಯದವರಿಗೇ ಹಂಚಿಕೆಯಾಗುತ್ತವೆ. ಎರಡು, ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಅರಸೀಕೆರೆ, ಅರಕಲಗೂಡು, ಕಡೂರು, ಶೃಂಗೇರಿ ತಾಲ್ಲೂಕುಗಳ ಹಳ್ಳಿಶಾಲೆಗಳಲ್ಲಿ ಕಲಿತ ಮಕ್ಕಳು ಇದಕ್ಕೆ ಅರ್ಹರಾಗಿದ್ದೂ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಇರುವ ವ್ಯಾಸಂಗ ಪ್ರಮಾಣಪತ್ರವನ್ನು ಕಾಲದಲ್ಲಿ ಪಡೆಯದೆ ಅವಕಾಶ ಕಳೆದುಕೊಳ್ಳುವುದುಂಟು. ಬೇರೆ ಕೋರ್ಸಿನ ಕಡೆ ತಿರುಗುವ ಮೊದಲು ಈ ಕೋಟಾಗಳಲ್ಲಿ ಹಿಂದಿನ ವರ್ಷ ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತೆಂದು ಪ್ರಾಧಿಕಾರದ ಪಟ್ಟಿಯಲ್ಲಿ ನೋಡಬೇಕು.

ಶುಲ್ಕದ ಮಾತು ಚಿಕ್ಕದು. ಸರ್ಕಾರಿ ಕಾಲೇಜಿನಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯೊಳಗೆ ಮುಗಿಯುತ್ತದೆ, ಖಾಸಗಿ ಕಾಲೇಜಿನ ಆಡಳಿತ ಮಂಡಳಿ ಕೋಟಾದಲ್ಲಿ ವರ್ಷಕ್ಕೆ ಹತ್ತಾರು ಲಕ್ಷವಾಗುತ್ತದೆ. ರೊಬಸ್ಟಾಗೆ ಒಳ್ಳೆಯ ಬೆಲೆ ಬಂದ ವರ್ಷ ಇದು ಹೊರಬಹುದಾದ ಹೊರೆಯಂತೆ ಕಾಣುತ್ತದೆ. ಆದರೆ ಶುಲ್ಕ ನಾಲ್ಕೂವರೆ ವರ್ಷ ಕಟ್ಟಬೇಕು, ಮಳೆಯೂ ಬೆಲೆಯೂ ಅಷ್ಟು ಕಾಲ ಮಾತು ಉಳಿಸಿಕೊಳ್ಳುವುದಿಲ್ಲ. ಸೇರಿದ ಮೇಲೆ ಮುಗಿಸುವುದಕ್ಕೂ ಮಿತಿಯಿದೆ: 2023ರ ನಿಯಮದ ಪ್ರಕಾರ ಮೊದಲ ವರ್ಷದ ಪರೀಕ್ಷೆಗೆ ನಾಲ್ಕೇ ಅವಕಾಶ, ಇಡೀ ಕೋರ್ಸಿಗೆ ಒಂಬತ್ತು ವರ್ಷ. ಸಾಲ ಮಾಡಿ ಸೇರಿಸುವವರು ಮಗುವಿನ ಓದುವ ಶಕ್ತಿಯನ್ನು ಪ್ರೀತಿಯಿಂದಲ್ಲ, ಅಂಕಪಟ್ಟಿಯಿಂದ ಅಳೆಯಬೇಕು.

ಒಂದು ವರ್ಷ ಲಾಂಗ್ ಟರ್ಮ್ ಓದಿಸುವುದು ತಪ್ಪಲ್ಲ. ನೀಟ್ ಬರೆಯಲು ಇಷ್ಟೇ ಸಲ ಎಂಬ ಕಟ್ಟುಪಾಡಿಲ್ಲ. ಆದರೆ ಮೊದಲ ಸಲಕ್ಕಿಂತ ಎರಡನೆಯ ಸಲ ಅಂಕ ಗಣನೀಯವಾಗಿ ಏರದೆ ಹೋದರೆ ಮೂರನೆಯ ಸಲಕ್ಕೆ ಹಣ ಮತ್ತು ಹರೆಯ ಎರಡನ್ನೂ ಹೂಡುವುದು ಬೇಡವೆಂಬುದು ನನ್ನ ಅಭಿಪ್ರಾಯ. ಪಿಯು ಓದಿದ ಪಾಠವನ್ನೇ ಮೂರು ವರ್ಷ ಓದುವ ಮಕ್ಕಳ ಮನಸ್ಸಿನ ಮೇಲೆ ಬೀಳುವ ಭಾರವನ್ನು ಯಾವ ರ‍್ಯಾಂಕ್ ಪಟ್ಟಿಯೂ ತೋರಿಸುವುದಿಲ್ಲ.

ಫಿಜಿಷಿಯನ್ ಅಸಿಸ್ಟೆಂಟ್ ಕಾಲೇಜನ್ನು ಆರಿಸುವಾಗ

ಎಂಬಿಬಿಎಸ್ ಕಾಲೇಜುಗಳಲ್ಲಿ ಒಳ್ಳೆಯದು ಕೆಟ್ಟದ್ದು ಇದ್ದರೂ ಎಲ್ಲಕ್ಕೂ ಒಂದು ಕನಿಷ್ಠ ಮಟ್ಟವಿದೆ, ಪರೀಕ್ಷೆ ವಿಶ್ವವಿದ್ಯಾಲಯದ್ದು, ತಪಾಸಣೆ ಆಯೋಗದ್ದು. ಫಿಜಿಷಿಯನ್ ಅಸಿಸ್ಟೆಂಟ್ ಶಿಕ್ಷಣದಲ್ಲಿ ಕಾಲೇಜಿನಿಂದ ಕಾಲೇಜಿಗೆ ಅಜಗಜಾಂತರವಿದೆ, ಆದ್ದರಿಂದ ಇಲ್ಲಿ ಕೋರ್ಸಿಗಿಂತ ಕಾಲೇಜಿನ ಆಯ್ಕೆಯೇ ದೊಡ್ಡದು. ಮೊದಲು ನೋಡಬೇಕಾದ್ದು ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ ಎಂದು. ತೀವ್ರ ನಿಗಾ ಘಟಕ, ಶಸ್ತ್ರಚಿಕಿತ್ಸಾ ಕೊಠಡಿ, ತುರ್ತು ವಿಭಾಗಗಳು ಪೂರ್ಣವಾಗಿ ನಡೆಯುತ್ತಿರುವ ದೊಡ್ಡ ಆಸ್ಪತ್ರೆಯಿಲ್ಲದೆ ಈ ವಿದ್ಯೆಯನ್ನು ಕಲಿಸಲು ಬರುವುದಿಲ್ಲ. ಬಾಡಿಗೆ ಕಟ್ಟಡದ ಎರಡನೇ ಮಹಡಿಯಲ್ಲಿ ತರಗತಿ ನಡೆಸಿ ವಾರಕ್ಕೊಮ್ಮೆ ಎಲ್ಲೋ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ಯುವ ಕಡೆ ಸೇರಿದರೆ ಕೈಗೆ ಪದವಿ ಬರುತ್ತದೆ, ಕೆಲಸ ಬರುವುದಿಲ್ಲ. ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು, ಪಠ್ಯಕ್ರಮ 2021ರ ಕಾಯ್ದೆಯ ಆಯೋಗ ಪ್ರಕಟಿಸಿದ ಚೌಕಟ್ಟಿಗೆ ಹೊಂದುತ್ತದೆಯೇ, ರಾಜ್ಯ ಪರಿಷತ್ತಿನಲ್ಲಿ ನೋಂದಣಿಗೆ ಅರ್ಹತೆ ದೊರೆಯುತ್ತದೆಯೇ ಎಂಬುದನ್ನು ಬರಹದಲ್ಲಿ ಕೇಳಬೇಕು. ಇದೇ ಹೆಸರಿನ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸುಗಳು ಈ ಪದವಿಗೆ ಸಮನಲ್ಲ.

ಎಲ್ಲಕ್ಕಿಂತ ಉಪಯುಕ್ತವಾದದ್ದು, ಈಗ ಅಲ್ಲಿ ಮೂರನೇ ವರ್ಷ ಓದುತ್ತಿರುವ ಒಬ್ಬರನ್ನು ಕಂಡು, ಕಳೆದ ವಾರ ವಾರ್ಡಿನಲ್ಲಿ ನಿಮ್ಮ ಕೈಯಿಂದ ಏನೇನು ಮಾಡಿದಿರಿ ಎಂದು ಕೇಳುವುದು. ನೋಡಿದೆವು, ನಿಂತಿದ್ದೆವು ಎಂಬ ಉತ್ತರ ಬಂದರೆ ಇನ್ನೊಂದು ಕಾಲೇಜು ಹುಡುಕುವುದು ಲೇಸು. ಹಿಂದಿನ ತಂಡದವರು ಯಾವ ಆಸ್ಪತ್ರೆಯಲ್ಲಿ, ಯಾವ ವಿಭಾಗದಲ್ಲಿದ್ದಾರೆ, ಇಂಟರ್ನ್‌ಶಿಪ್ ವರ್ಷದಲ್ಲಿ ಭತ್ಯೆ ಕೊಡುತ್ತಾರೋ ಶುಲ್ಕ ಕಟ್ಟಿಸಿಕೊಳ್ಳುತ್ತಾರೋ ಎಂಬುದನ್ನೂ ಅವರಿಂದಲೇ ತಿಳಿಯಬಹುದು.

ಮುಂದೆ ಎಂಬಿಬಿಎಸ್ಸಿಗೆ ನೇರವಾಗಿ ಎರಡನೇ ವರ್ಷಕ್ಕೆ ಸೇರಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಂಥ ವ್ಯವಸ್ಥೆ ನಮ್ಮ ದೇಶದಲ್ಲಿಲ್ಲ. ಈ ಪದವಿ ಮುಗಿಸಿದವರು ಡಾಕ್ಟರಾಗಬೇಕೆಂದರೆ ನೀಟ್ ಬರೆದು ಮೊದಲ ವರ್ಷದಿಂದಲೇ ಆರಂಭಿಸಬೇಕು. ಮುಂದೆ ಓದಲು ಇರುವುದು ಸ್ನಾತಕೋತ್ತರ ಪದವಿ, ಆಸ್ಪತ್ರೆ ಆಡಳಿತ, ಸಾರ್ವಜನಿಕ ಆರೋಗ್ಯ, ಔಷಧ ಪ್ರಯೋಗಗಳ ಸಂಶೋಧನೆ ಮುಂತಾದವು.

ವಿದೇಶದ ಆಸೆ

ಅಮೆರಿಕದಲ್ಲಿ ಈ ವೃತ್ತಿಗೆ ಇರುವ ಗೌರವ ಮತ್ತು ಸಂಬಳವನ್ನು ತೋರಿಸಿ ಇಲ್ಲಿನ ಕೋರ್ಸಿಗೆ ಕರೆಯುವುದು ಸಾಮಾನ್ಯವಾಗಿರುವುದರಿಂದ ಇದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಅಲ್ಲಿ ಇದು ಸ್ನಾತಕೋತ್ತರ ಪದವಿ. ಮೊದಲು ಒಂದು ಪದವಿ, ರೋಗಿಗಳ ಆರೈಕೆಯ ಅನುಭವ, ಆ ಮೇಲೆ ಸುಮಾರು 27 ತಿಂಗಳ ಓದು, ಕೊನೆಗೆ ರಾಷ್ಟ್ರಮಟ್ಟದ ಪರೀಕ್ಷೆ. ಎಲ್ಲ 50 ರಾಜ್ಯಗಳಲ್ಲೂ ಅವರು ಔಷಧ ಬರೆಯಬಲ್ಲರು. ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆಯ 2024ರ ಲೆಕ್ಕದಲ್ಲಿ ಇವರ ಮಧ್ಯಮ ವಾರ್ಷಿಕ ವೇತನ 1,33,260 ಡಾಲರ್. ವೈದ್ಯರದು 2,39,200 ಡಾಲರ್ ಅಥವಾ ಹೆಚ್ಚು. ಆದರೆ ಆ ಪರೀಕ್ಷೆ ಬರೆಯಲು ಅಮೆರಿಕದಲ್ಲಿ ಮಾನ್ಯತೆ ಪಡೆದ ಕೋರ್ಸನ್ನೇ ಓದಿರಬೇಕು. ಭಾರತದ ಪದವಿಯನ್ನು ಹಿಡಿದು ಅಲ್ಲಿ ಫಿಜಿಷಿಯನ್ ಅಸಿಸ್ಟೆಂಟ್ ಆಗಲು ಬರುವುದಿಲ್ಲ; ಹೆಚ್ಚೆಂದರೆ ಅಲ್ಲಿನ ಕೋರ್ಸಿಗೆ ಅರ್ಜಿ ಹಾಕುವಾಗ ಅದೊಂದು ಪೂರ್ವಪದವಿಯಾಗಿ ನೆರವಾದೀತು.

ಬ್ರಿಟನ್ನಿನಲ್ಲಿ 2024ರ ಡಿಸೆಂಬರಿನಿಂದ ಈ ವೃತ್ತಿಯನ್ನು ಅಲ್ಲಿನ ವೈದ್ಯಕೀಯ ಪರಿಷತ್ತೇ ನಿಯಂತ್ರಿಸುತ್ತಿದೆ, ಔಷಧ ಬರೆಯುವ ಹಕ್ಕು ಅಲ್ಲಿಲ್ಲ. ಈ ವೃತ್ತಿಯ ಬಗ್ಗೆ ಅಲ್ಲಿನ ಸರ್ಕಾರ ಮಾಡಿಸಿದ ಪರಿಶೀಲನೆಯಿಂದ 2025ರ ಜುಲೈಯಲ್ಲಿ ಬಂದ ಲೆಂಗ್ ವರದಿಯು ಇವರನ್ನು ಅಸೋಸಿಯೇಟ್ ಎನ್ನದೆ ಅಸಿಸ್ಟೆಂಟ್ ಎಂದೇ ಕರೆಯಬೇಕು, ರೋಗ ಇನ್ನೂ ಪತ್ತೆಯಾಗದ ರೋಗಿಗಳನ್ನು ಇವರು ಮೊದಲಿಗೆ ನೋಡಬಾರದು ಎಂದು ಶಿಫಾರಸು ಮಾಡಿತು. ಅನುಭವವಿರುವ ದೇಶಗಳಲ್ಲೂ ಗಡಿರೇಖೆಯ ಜಗಳ ಮುಗಿದಿಲ್ಲ. ಎಂಬಿಬಿಎಸ್ ಪದವೀಧರರಿಗೆ ಈ ಎರಡೂ ದೇಶಗಳ ಪರೀಕ್ಷೆಗಳು ತೆರೆದಿವೆ. ಹಾದಿ ಕಷ್ಟದ್ದು, ಆದರೆ ಇದೆ.

ಯಾರಿಗೆ ಯಾವುದು

ಮಗು ರೋಗಿಯ ಮುಂದೆ ಒಂಟಿಯಾಗಿ ನಿಂತು ತೀರ್ಮಾನ ಮಾಡುವುದನ್ನು ಬಯಸುತ್ತದೆ, ತಪ್ಪಾದಾಗ ಅದರ ಹೊಣೆಯೂ ತನ್ನದೇ ಎಂಬುದು ಅದಕ್ಕೆ ತಿಳಿದಿದೆ, ಓದಿನಲ್ಲಿ ಬಲವಿದೆ, ಮತ್ತು ಮನೆಯವರು ಹತ್ತು ವರ್ಷ ಕಾಯಬಲ್ಲರು ಎಂದಾದರೆ ಡಾಕ್ಟರ್ ವೃತ್ತಿಗೆ ಪ್ರಯತ್ನಿಸಬೇಕು, ಒಂದು ವರ್ಷ ಹೆಚ್ಚು ತಗುಲಿದರೂ ಚಿಂತೆಯಿಲ್ಲ. ಊರಿಗೆ ಮರಳಿ ಸೇವೆ ಮಾಡಬೇಕೆಂಬ ಆಸೆ ನಿಜವಾಗಿದ್ದರಂತೂ ಈ ಎರಡರಲ್ಲಿ ಬೇರೆ ಆಯ್ಕೆ ಇಲ್ಲ.

ಆಸ್ಪತ್ರೆಯ ಕೆಲಸ ಇಷ್ಟ, ತಂಡದಲ್ಲಿ ಎರಡನೆಯವರಾಗಿ ಅಚ್ಚುಕಟ್ಟಾಗಿ ದುಡಿಯುವುದರಲ್ಲಿ ಕೊರಗಿಲ್ಲ, ನಗರದಲ್ಲಿ ನೆಲೆಸಲು ಅಡ್ಡಿಯಿಲ್ಲ, ಬೇಗ ದುಡಿಮೆಗೆ ಇಳಿಯಬೇಕು ಎನ್ನುವವರಿಗೆ ಫಿಜಿಷಿಯನ್ ಅಸಿಸ್ಟೆಂಟ್ ಒಳ್ಳೆಯ ವೃತ್ತಿ. ಇಪ್ಪತ್ತೈದರ ಹೊಸ ಡಾಕ್ಟರು ಬಂದು, ಹತ್ತು ವರ್ಷದ ಅನುಭವವಿರುವ ತನಗೆ ಆದೇಶ ಕೊಡುವ ದಿನ ಬರುತ್ತದೆ ಎಂಬುದನ್ನು ಮಾತ್ರ ಈಗಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅದನ್ನು ಎಣಿಸಿಕೊಂಡಾಗಲೇ ಎದೆಯಲ್ಲಿ ಚುಚ್ಚಿದಂತಾದರೆ ಈ ಕೆಲಸ ಬೇಡ. ಹೆಚ್ಚು ಕಹಿಯಾಗುವವರು ಡಾಕ್ಟರಾಗಲು ಆಗಲಿಲ್ಲವಲ್ಲ ಎಂಬ ಕೊರಗಿನಲ್ಲಿಯೇ ಇದಕ್ಕೆ ಸೇರಿದವರು. ಅವರಿಗೆ ಪ್ರತಿದಿನದ ರೌಂಡ್ಸೂ ಆ ಸೋಲನ್ನೇ ನೆನಪಿಸುತ್ತದೆ.

ಇನ್ನೂ ತೀರ್ಮಾನಕ್ಕೆ ಬಾರದವರು ಎರಡು ಬಾಗಿಲುಗಳನ್ನೂ ಸ್ವಲ್ಪ ಕಾಲ ತೆರೆದಿಟ್ಟುಕೊಳ್ಳಬಹುದು. ಪ್ರಾಧಿಕಾರದ ಎಂಬಿಬಿಎಸ್ ಕೌನ್ಸೆಲಿಂಗ್ ಹಲವು ಸುತ್ತುಗಳಲ್ಲಿ ನಡೆದು ತಿಂಗಳುಗಟ್ಟಲೆ ಎಳೆಯುತ್ತದೆ, ಫಿಜಿಷಿಯನ್ ಅಸಿಸ್ಟೆಂಟ್ ಕಾಲೇಜುಗಳು ಅಷ್ಟರೊಳಗೆ ಪ್ರವೇಶ ಮುಗಿಸುವ ಆತುರದಲ್ಲಿರುತ್ತವೆ. ಅಲ್ಲಿ ಮುಂಗಡ ಕಟ್ಟುವಾಗ ಸೀಟು ಬಿಟ್ಟರೆ ಎಷ್ಟು ಹಣ ಯಾವ ದಿನಾಂಕದವರೆಗೆ ವಾಪಸಾಗುತ್ತದೆ ಎಂದು ರಸೀದಿಯ ಜೊತೆಗೇ ಬರೆಸಿಕೊಳ್ಳಿ. ಮೂಲ ಅಂಕಪಟ್ಟಿಗಳನ್ನು ಕಾಲೇಜಿನಲ್ಲಿ ಬಿಟ್ಟುಬರಬೇಡಿ. ವಿದ್ಯಾರ್ಥಿಗಳ ಮೂಲ ದಾಖಲೆಗಳನ್ನು ಸಂಸ್ಥೆಗಳು ಇರಿಸಿಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ, ಮತ್ತು ಕೊನೆಯ ಸುತ್ತಿನಲ್ಲಿ ಎಂಬಿಬಿಎಸ್ ಸೀಟು ಸಿಕ್ಕರೆ ದಾಖಲೆ ಪರಿಶೀಲನೆಗೆ ಅವೇ ಬೇಕಾಗುತ್ತವೆ.